ಎಲ್ಲಾ ಸರಿ ಇದ್ದ ದಿನ

ಭಾನುವಾರದ ಬೆಳಗು ಅವಳಿಗೆ ಮಗಳ ತಲೆ ಬಾಚುವ ಹೊತ್ತು. ವಾರವೆಲ್ಲ ಅವಸರದಲ್ಲಿ ಎಳೆದು ಕಟ್ಟಿದ ಕೂದಲು ಅವತ್ತು ಮಾತ್ರ ನಿಧಾನವಾಗಿ ಸಿಕ್ಕು ಬಿಡಿಸಿಕೊಳ್ಳುತ್ತಿತ್ತು. ಒಂದು ಜಡೆ ಮುಗಿದು ಇನ್ನೊಂದಕ್ಕೆ ಕೈ ಹಾಕಿದ್ದಳಷ್ಟೆ, ರೆಕಾರ್ಡಿಂಗ್ ಕೋಣೆಯ ಬಾಗಿಲು ತೆರೆಯಿತು.

"ಇದು ನುಂಗ್ತಾ ಇಲ್ಲಮ್ಮ," ಎಂದರು ಪಾಠ ಓದಲು ಬಂದಿದ್ದ ಮೇಷ್ಟ್ರು, ಕನ್ನಡಕವನ್ನು ಹಣೆಗೇರಿಸಿಕೊಂಡು. "ಮೂತ್ರಪಿಂಡದ ಪಾಠ ಪೂರ್ತಿ ಓದಿ ಮುಗಿಸ್ದೆ. ಸೇವ್ ಮಾಡು ಅಂದ್ರೆ ಒಲ್ಲೆ ಅನ್ನುತ್ತೆ. ಜನ್ಮವೆಲ್ಲ ಮಕ್ಕಳ ತಲೆಗೆ ಹೋಗ್ಲಿಲ್ಲ ನನ್ನ ಪಾಠ. ಈಗ ಪೆಟ್ಟಿಗೆ ತಲೆಗೂ ಹೋಗ್ತಿಲ್ಲ."

ಬಾಚಣಿಗೆ ಹಿಡಿದುಕೊಂಡೇ ಅವಳು ಹೋಗಿ ನೋಡಿದಳು. ಪರದೆಯ ಮೇಲೆ ಒಂದೇ ಸಾಲು. ಡಿಸ್ಕಿನಲ್ಲಿ ಜಾಗ ಉಳಿದಿಲ್ಲ.

ಬರುತ್ತದೆಂದು ಗೊತ್ತಿದ್ದದ್ದೇ.

ಆ ಮನೆಯ ಮುಂದಿನ ಕೋಣೆ ಒಂದು ಧ್ವನಿ ಲೈಬ್ರರಿ. ಕಣ್ಣು ಕಾಣದ ಮಕ್ಕಳಿಗಾಗಿ ಅಲ್ಲಿ ಪಾಠಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದರು. ಕ್ಯಾಸೆಟ್ಟುಗಳ ಕಾಲ ಮುಗಿದು ಎಷ್ಟೋ ವರ್ಷವಾದರೂ ಕೇಳುವವರಿಗೆಲ್ಲ ಅವಳು ಇನ್ನೂ ಕ್ಯಾಸೆಟ್ ಅಕ್ಕನೇ. ಪಾಠಗಳೆಲ್ಲ ಇದ್ದದ್ದು ಅವಳ ತೀರಿಹೋದ ಗಂಡ ಕಟ್ಟಿಟ್ಟ ಯಂತ್ರದಲ್ಲಿ. ಯಂತ್ರವೆಂದರೆ ಕೈಗೆ ಸಿಗುವ ವಸ್ತುವಲ್ಲ. ಮೇಜಿನ ಕೆಳಗಿನ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದೆಯೆಂದು ನಂಬಿಸಿ ಅವನು ಅದನ್ನು ನಡೆಸುತ್ತಿದ್ದ. ವರ್ಚುವಲ್ ಮಶೀನ್ ಎನ್ನುತ್ತಿದ್ದ. ಹೊರಗಿನ ಪೆಟ್ಟಿಗೆಯಲ್ಲಿ ಬೇಕಾದಷ್ಟು ಜಾಗವಿತ್ತು. ಆದರೆ ಒಳಗಿನದಕ್ಕೆ ಅವನು ಅಳೆದುಕೊಟ್ಟಿದ್ದ ಜಾಗ ತುಂಬಿಹೋಗಿತ್ತು.

"ಏನಾದ್ರೂ ಹಳೇದು ಅಳಿಸಮ್ಮ. ನಾಳೆ ಪರೀಕ್ಷೆ. ಈ ಪಾಠ ಸಂಜೆಯೊಳಗೆ ಹೋಗ್ಬೇಕು."

"ಅಳಿಸೋಕೆ ಇನ್ನೇನೂ ಉಳಿದಿಲ್ಲ ಮೇಷ್ಟ್ರೇ."

ನಿಜ. ಒಂದು ತಿಂಗಳಿಂದ ಅವಳು ಅದನ್ನೇ ಮಾಡುತ್ತ ಬಂದಿದ್ದಳು. ಎರಡೆರಡು ಸಲ ಓದಿದ ಪಾಠ, ಮಧ್ಯೆ ಕೆಮ್ಮಿದ ಪಾಠ, ಯಾರೂ ಕೇಳದ ಹಳೆಯ ಸಿಲಬಸ್ಸು, ಎಲ್ಲವನ್ನೂ ಹೆಕ್ಕಿ ಹೆಕ್ಕಿ ತೆಗೆದಿದ್ದಳು. ಡಿಸ್ಕ್ ದೊಡ್ಡದು ಮಾಡಬೇಕಾದರೆ ಆಸ್ಪತ್ರೆಯವನನ್ನು ಕರೆಯಬೇಕಿತ್ತು. ಕರೆಯುವುದೆಂದರೆ ಅವನು ಕೇಳಿದ್ದಕ್ಕೆ ಉತ್ತರ ಕೊಡುವುದು.

ಅವನು ಆಸ್ಪತ್ರೆಯ ಕಂಪ್ಯೂಟರ್ ಸರ್ವರ್ ನೋಡಿಕೊಳ್ಳುವವನು. ಕೊನೆಗಾಲದಲ್ಲಿ ಕಣ್ಣು ಕಳೆದುಕೊಂಡ ಅವನ ತಾಯಿ ಈ ಲೈಬ್ರರಿಯ ಕೇಳುಗರಾಗಿದ್ದರು. ತಾಯಿ ಹೋದಮೇಲೆ ಅವರು ಕೇಳುತ್ತಿದ್ದ ಪ್ಲೇಯರನ್ನು ಹಿಂದಿರುಗಿಸಲು ಬಂದವನು, ರೆಕಾರ್ಡಿಂಗಿನಲ್ಲಿ ಒಂದು ಗುಂಯ್ ಸದ್ದಿದೆ, ಸರಿ ಮಾಡಿಕೊಡಲೇ ಎಂದು ಕೇಳಿದ್ದ. ಆಮೇಲೆ ಬಿಡುವಾದಾಗಲೆಲ್ಲ ಬರತೊಡಗಿದ. ತಿಂಗಳ ಹಿಂದೆ ಗೇಟಿನ ಹತ್ತಿರ ನಿಂತು, ಚಪ್ಪಲಿಯ ತುದಿ ನೋಡುತ್ತ, ಹೇಳಬೇಕಾದ್ದನ್ನು ಹೇಳಿದ್ದ. "ನಾನು ಯಾರ ಜಾಗಕ್ಕೂ ಬರೋನಲ್ಲ. ಪಕ್ಕದಲ್ಲಿ ಒಂಚೂರು ಕೊಟ್ರೆ ಸಾಕು. ಅವಸರ ಏನಿಲ್ಲ. ಉತ್ತರ ಇದೆ ಅನ್ನಿಸ್ದಾಗ ಫೋನ್ ಮಾಡಿ. ಅಲ್ಲೀವರೆಗೆ ನಾನಾಗಿ ಬಂದು ನಿಮಗೆ ಮುಜುಗರ ಮಾಡೋದಿಲ್ಲ."

ಅವಳು ಗೇಟು ಹಾಕಿಕೊಂಡು ಒಳಗೆ ಬಂದಿದ್ದಳು.

ಈಗ ಅವಳು ಫೋನ್ ಮಾಡಿದಾಗ ಅವನು ಒಂದೇ ರಿಂಗಿಗೆ ಎತ್ತಿದ.

"ಫೋನ್ ಮಾಡಿದ್ರಿ," ಎಂದ.

"ಅಲ್ಲ, ಇದು... ಡಿಸ್ಕ್ ತುಂಬಿಹೋಗಿದೆ."

"ಓ. ಡಿಸ್ಕಾ."

"ನಾಳೆ ಮಕ್ಕಳಿಗೆ ಪರೀಕ್ಷೆ. ಇಲ್ದಿದ್ರೆ ನಾನು..."

"ಗೊತ್ತು. ಇಲ್ದಿದ್ರೆ ಮಾಡ್ತಿರ್ಲಿಲ್ಲ."

ಚುಚ್ಚುವ ದನಿಯಲ್ಲ. ಚುಚ್ಚಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

"ಡ್ಯೂಟಿ ಮುಗೀತಿದ್ದ ಹಾಗೆ ಬರ್ತೀನಿ. ಅಲ್ಲೀವರೆಗೆ ಏನನ್ನೂ ಅಳಿಸ್ಬೇಡಿ," ಎಂದು ಇಟ್ಟ.

ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದರು. "ಆಸ್ಪತ್ರೆಯವರಾ?"

"ಹೂಂ."

"ಬರ್ತಾರಂತಾ?"

"ಹೂಂ."

"ಹಾಗಾದ್ರೆ ಆ ಬಣ್ಣ ಹೋದ ಅಂಗಿ ತೆಗ್ದು ಬೇರೆ ಹಾಕ್ಕೋ. ಡಿಸ್ಕ್ ಹೆದರ್ಕೊಂಡೀತು."

ಸತ್ತ ಮಗನ ತಾಯಿ ಹಾಗೆ ಅಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಅಂಗಿ ಬದಲಾಯಿಸಲಿಲ್ಲ. ಮುಖ ಮಾತ್ರ ತೊಳೆದುಕೊಂಡಳು.

ಒಂದು ಜಡೆಯಷ್ಟೇ ಆಗಿದ್ದ ಮಗಳು ಅಜ್ಜಿಯ ಮುಂದೆ ಹೋಗಿ ಕೂತಳು. ಉಳಿದ ಜಡೆ ಅಜ್ಜಿ ಹಾಕಿದರು. ಮನೆಯವರೆಲ್ಲ ಆ ಮಗುವನ್ನು ಅಳಿಲು ಎನ್ನುತ್ತಿದ್ದರು. ಅಳಿಲು ಕೆನ್ನೆಯಲ್ಲಿ ಕಾಳು ಒತ್ತಿಟ್ಟುಕೊಳ್ಳುವ ಹಾಗೆ ಅವಳು ಪ್ರಶ್ನೆಗಳನ್ನು ಒತ್ತಿಟ್ಟುಕೊಳ್ಳುತ್ತಿದ್ದಳು. ಕೆಲವು ದಿನಗಳಿಂದ ಅವಳ ಕೆನ್ನೆಯಲ್ಲಿ ಏನೋ ಇದೆಯೆಂದು ತಾಯಿಗೆ ಗೊತ್ತಿತ್ತು. ಕೇಳಲು ಧೈರ್ಯವಿರಲಿಲ್ಲ. ಮಗುವಿಗೂ, ತಾಯಿಗೂ.

ಅವನು ಬಂದಾಗ ಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು. ಎಂದಿನಂತೆ ಸ್ಟೂಲನ್ನು ಅವಳ ಕುರ್ಚಿಯಿಂದ ಒಂದು ಗೇಣು ದೂರಕ್ಕೆ ಎಳೆದುಕೊಂಡು, ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತ. ಅವನದು ಒಂದು ಪದ್ಧತಿ. ಬೇರೆಯವರ ಯಂತ್ರದ ಕೀಬೋರ್ಡನ್ನು ಅವನು ಮುಟ್ಟುವುದಿಲ್ಲ. ಆಸ್ಪತ್ರೆಯಲ್ಲಿಯೂ ಅಷ್ಟೇ. ಯಂತ್ರ ಯಾರದೋ ಅವರೇ ಒತ್ತಬೇಕು, ಇವನು ಹೇಳಬೇಕು. ಮೊದಲು ಅವಳಿಗೆ ಇದು ಮಡಿವಂತಿಕೆಯಂತೆ ಕಂಡಿತ್ತು. ಆಮೇಲೆ ಬೇರೊಂದು ಅನುಮಾನ ಹುಟ್ಟಿತ್ತು. ಎಲ್ಲ ಕಲಿಸಿಬಿಟ್ಟರೆ ಮತ್ತೆ ಮತ್ತೆ ಬರುವ ಗೋಜಿರುವುದಿಲ್ಲ ಎಂದುಕೊಂಡಿರಬೇಕು ಇವರು.

"ಮೊದ್ಲು ಒಳಗಿನದನ್ನ ಆರಿಸಿ. ಓಡ್ತಾ ಇರೋದಕ್ಕೆ ಕೈ ಹಾಕೋದು ಬೇಡ."

ಆರಿಸಿದಳು.

"ಈಗ ಪೂರ್ತಿ ಫೈಲನ್ನ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ನಾವೇನಾದ್ರೂ ಎಡವಿದ್ರೆ ಅದೊಂದು ಇರುತ್ತೆ."

ಕಪ್ಪು ಪರದೆಯ ಮೇಲೆ ಅವಳು ಕಮ್ಯಾಂಡ್ ಬರೆದಳು. ಕಾಪಿ ಆಗಲು ಬಹಳ ಹೊತ್ತು ಹಿಡಿಯಿತು. ಮೇಷ್ಟ್ರು ದಿಂಬಿಗೊರಗಿ ಕಣ್ಣು ಮುಚ್ಚಿದರು. ಅತ್ತೆ ಟೀ ತಂದಿಟ್ಟು, ಬೇಕೆಂದೇ ಸದ್ದು ಮಾಡುತ್ತ ಒಳಗೆ ಹೋದರು.

"ಬಡಕಲಾಗಿದ್ದೀರಿ," ಎಂದಳು ಅವಳು, ಪರದೆಯನ್ನೇ ನೋಡುತ್ತ.

"ನೀವು ನನ್ನ ಕಡೆ ನೋಡೇ ಇಲ್ವಲ್ಲ. ಹೇಗೆ ಗೊತ್ತಾಯ್ತು?"

"ಪರದೆ ಕಪ್ಪಗಿದೆ. ಕಾಣುತ್ತೆ."

ಅವನು ತಟ್ಟನೆ ಪರದೆಯತ್ತ ನೋಡಿದ. ಗಾಜಿನಲ್ಲಿ ಅವಳ ಕಣ್ಣು ಸಿಕ್ಕಿತು. ಇಬ್ಬರೂ ಅಲ್ಲಿಂದ ಕಣ್ಣು ಕಿತ್ತುಕೊಳ್ಳುವ ಹೊತ್ತಿಗೆ ಟೀ ಕೆನೆಗಟ್ಟಿತ್ತು.

ಕಾಪಿ ಮುಗಿಯಿತು. ಅವನು ಹೇಳಿದಂತೆ ಅವಳು ರಿಸೈಜ್ ಎಂಬ ಕಮ್ಯಾಂಡ್ ಕೊಟ್ಟು, ಫೈಲಿನ ಹೆಸರು ಬರೆದು, ಎಷ್ಟು ಹೆಚ್ಚಿಸಬೇಕೋ ಆ ಅಂಕಿಗೆ ಮೊದಲು ಒಂದು ಪ್ಲಸ್ ಚಿಹ್ನೆ ಹಾಕಿದಳು. "ಪ್ಲಸ್ ಮರೀಬೇಡಿ. ಇಲ್ದಿದ್ರೆ ಹೆಚ್ಚಿಸು ಅಂತಲ್ಲ, ಇಷ್ಟಕ್ಕೇ ಇಳಿಸು ಅಂತ ಆಗುತ್ತೆ," ಎಂದ. ಎಂಟರ್ ಒತ್ತಿದಳು.

ಆಗಲಿಲ್ಲ. ಸ್ನ್ಯಾಪ್‌ಶಾಟ್ ಇರುವ ಡಿಸ್ಕನ್ನು ಹಿಗ್ಗಿಸಲಾಗದು ಎಂಬ ಉತ್ತರ ಬಂತು.

ಅವಳ ಕೈ ಕೀಬೋರ್ಡಿನಿಂದ ಮಡಿಲಿಗೆ ಜಾರಿತು.

ಅದೇನೆಂದು ಅವಳಿಗೆ ಗೊತ್ತಿತ್ತು. ಯಂತ್ರ ಯಾವುದೋ ಒಂದು ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಅದನ್ನು ಹಿಡಿದಿಟ್ಟ ಗುರುತು. ಮುಂದೇನಾದರೂ ಕೆಟ್ಟರೆ ಒಂದೇ ಕಮ್ಯಾಂಡಿನಲ್ಲಿ ಆ ಗಳಿಗೆಗೆ ಹಿಂದಿರುಗಬಹುದು. ಗಂಡ ಪ್ರತಿ ಸಂಜೆ ಕೆಲಸ ಮುಗಿಸುವಾಗ ಒಂದು ತೆಗೆದು, ಹಿಂದಿನ ದಿನದ್ದನ್ನು ಅಳಿಸುತ್ತಿದ್ದ. ಪ್ರತಿ ದಿನವೂ ಅದಕ್ಕೆ ಒಂದೇ ಹೆಸರು. ಎಲ್ಲಾ ಸರಿ. ಒಂದು ಸಂಜೆ ಹಾಗೆ ತೆಗೆದಿಟ್ಟು, ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಆ ಸಂಜೆಯದ್ದು ಹಾಗೇ ಉಳಿದಿತ್ತು.

"ಪಟ್ಟಿ ತೆಗೀಲಾ?" ಎಂದಳು.

"ಬೇಡ. ಒಂದೇ ಇರೋದು. ಇನ್ನೂ ಇಟ್ಕೊಂಡಿರ್ತೀರಿ ಅಂತ ಅನುಮಾನ ಇತ್ತು." ಅವನು ತನ್ನ ಚೀಲದಿಂದ ಹೊಸ ಡಿಸ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಅದಕ್ಕೇ ಇದನ್ನ ತಂದೆ. ಪಕ್ಕದಲ್ಲಿ ಸೇರಿಸ್ಬಿಡೋಣ. ಹೊಸ ಪಾಠ ಎಲ್ಲ ಇದಕ್ಕೆ ಹೋಗ್ಲಿ. ಹಳೇದನ್ನ ಮುಟ್ಟೋದೇ ಬೇಡ. ಅದು ಇದ್ದ ಹಾಗೇ ಇರುತ್ತೆ."

ಅವಳು ಆ ಡಿಸ್ಕನ್ನು ನೋಡಿದಳು. ಪಕ್ಕದಲ್ಲಿ ಒಂಚೂರು ಕೊಟ್ಟರೆ ಸಾಕು ಎಂದು ಗೇಟಿನ ಹತ್ತಿರ ಅಂದಿದ್ದ ಮನುಷ್ಯ ಇಲ್ಲಿಯೂ ಅದನ್ನೇ ಹೇಳುತ್ತಿದ್ದ.

"ನಾನು ಒಂದ್ಸಲ ಆ ಕಮ್ಯಾಂಡ್ ಬರ್ದಿದ್ದೆ," ಎಂದಳು ಮೆಲ್ಲಗೆ. ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. "ಹಿಂದಕ್ಕೆ ಹೋಗೋದು. ಅಳಿಲಿಗೆ ಜ್ವರ ಬಿಟ್ಟಿರ್ಲಿಲ್ಲ, ಅತ್ತೆ ಊಟ ಬಿಟ್ಟಿದ್ರು. ಬರ್ದು, ಎಂಟರ್ ಮೇಲೆ ಬೆರಳಿಟ್ಕೊಂಡು ಕೂತಿದ್ದೆ."

"ಒತ್ತಲಿಲ್ಲ."

"ಒತ್ತಿದ್ರೆ ಏನಾಗ್ತಿತ್ತು?"

"ಅವ್ರು ಹೋದಮೇಲೆ ಓದಿದ ಪಾಠ ಎಲ್ಲ ಹೋಗ್ತಿತ್ತು. ಅವ್ರು ಬರ್ತಿರ್ಲಿಲ್ಲ," ಎಂದ. ಮುಚ್ಚುಮರೆಯಿಲ್ಲದ, ಆದರೆ ಮೆತ್ತಗಿನ ಮಾತು. ರೋಗಿಯ ಮನೆಯವರೊಂದಿಗೆ ಒಳ್ಳೆಯ ವೈದ್ಯರು ಹೀಗೆ ಮಾತಾಡುತ್ತಾರೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಸೆರಗಿಗೆ ಕೈ ಒರೆಸಿಕೊಳ್ಳುವುದು ಎಂದೋ ಮುಗಿದಿದ್ದರೂ ಒರೆಸಿಕೊಳ್ಳುತ್ತಲೇ ಇದ್ದರು.

"ಅವನು ಅದನ್ನ ಯಾಕೆ ಮಾಡಿಡ್ತಿದ್ದ?"

"ಏನಾದ್ರೂ ಕೆಟ್ಟುಹೋದ್ರೆ ಹಿಂದಕ್ಕೆ ಬರೋಕೆ, ಅತ್ತೆ."

"ಈಗ ಏನು ಕೆಟ್ಟಿದೆ?"

ಅವಳು ಪರದೆಯತ್ತ ತಿರುಗಿದಳು.

"ಅವನಿಲ್ಲ. ಅದು ಕೆಟ್ಟದ್ದಲ್ಲ, ಸುಟ್ಟದ್ದು. ನನ್ನ ಹೊಟ್ಟೆ ಅದು, ನಾನು ನೋಡ್ಕೋತೀನಿ." ಅತ್ತೆ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಮಗು ಓದ್ತಾ ಇದೆ. ಪಾಠ ಹೆಚ್ಚಾಗಿವೆ. ನೀನು ಎದ್ದು ಓಡಾಡ್ತಿದ್ದೀಯ. ಒಂದು ಕಾಲದಲ್ಲಿ ಅದೂ ಇರ್ಲಿಲ್ಲ. ಅವತ್ತಿಗೆ ಅವನು ಎಲ್ಲಾ ಸರಿ ಅಂತ ಬರೆದ. ಇವತ್ತಿಗೆ ಬರೆಯೋರು ಯಾರು? ನೀನು ತಾನೇ?"

ಮೇಷ್ಟ್ರು ಎದ್ದು ಕೂತಿದ್ದವರು, ಇಲ್ಲಿ ತಾನಿರಬಾರದೆಂದು ತಿಳಿದು ಚಪ್ಪಲಿ ಹುಡುಕತೊಡಗಿದರು. ಅವನೂ ಸ್ಟೂಲಿನಿಂದ ಎದ್ದ.

"ಮನೆಯವರ ವಿಷಯ. ನಾನು ಹೊರಗಿರ್ತೀನಿ. ಯಾವ ದಾರಿ ಅಂತ ನೀವೇ ನಿಶ್ಚಯ ಮಾಡಿ."

"ಕೂತ್ಕೊಳ್ಳಿ," ಎಂದಳು ಅವಳು.

ಅವನು ನಿಂತೇ ಇದ್ದ.

"ಇಲ್ಲೇ ಕೂತ್ಕೊಳ್ಳಿ. ಹೊರಗೆ ಹೋಗ್ಬೇಡಿ."

ಅವನು ಕೂತ. ಅವಳು ಸ್ನ್ಯಾಪ್‌ಶಾಟ್ ಅಳಿಸುವ ಕಮ್ಯಾಂಡನ್ನು ಅಕ್ಷರಕ್ಕೊಂದು ಉಸಿರೆಂಬಂತೆ ಬರೆದಳು. ಕೊನೆಗೆ ಅದರ ಹೆಸರು ಬರೆಯಬೇಕಿತ್ತು. ಎಲ್ಲಾ ಸರಿ ಎಂದು ಬರೆದಳು. ಮೇಜಿನ ಕೆಳಗಿನಿಂದ ಪುಟ್ಟ ಕೈಯೊಂದು ಬಂದು ಅವಳ ಪಾದ ಹಿಡಿದುಕೊಂಡಿತು. ಅಳಿಲು ಯಾವಾಗ ಅಲ್ಲಿ ಹೋಗಿ ಸೇರಿದ್ದಳೋ.

"ಕಂದಾ, ಹೊರಗಿನ ಡಿಸ್ಕಲ್ಲಿ ಕಾಪಿ ಇದೆ. ಅಪ್ಪ ಕಟ್ಟಿದ್ದು ಏನೂ ಹೋಗೋದಿಲ್ಲ. ಹಿಂದಕ್ಕೆ ಹೋಗೋ ದಾರಿ ಮಾತ್ರ ಮುಚ್ತೀನಿ."

ಪಾದದ ಮೇಲಿನ ಹಿಡಿತ ಬಿಗಿಯಾಯಿತು. ಅತ್ತೆಯ ಕೈ ಅವಳ ಹೆಗಲಿಗೆ ಬಂತು. ಅವಳು ಎಂಟರ್ ಒತ್ತಿದಳು.

ಪರದೆ ಏನನ್ನೂ ಹೇಳಲಿಲ್ಲ. ಸರಿಯಾಗಿ ನಡೆದ ಕೆಲಸಕ್ಕೆ ಆ ಕಪ್ಪು ಪರದೆ ಯಾವತ್ತೂ ಏನನ್ನೂ ಹೇಳುವುದಿಲ್ಲ. ಅತ್ತೆ ಮೂಗೇರಿಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ನಲ್ಲಿ ಮಾತ್ರ ಹರಿಯಿತು.

ಈ ಸಲ ರಿಸೈಜ್ ಒಪ್ಪಿಕೊಂಡಿತು. ಒಳಗಿನ ಯಂತ್ರವನ್ನು ಮತ್ತೆ ಹೊತ್ತಿಸಿದಳು. ಜಾಗ ಎಷ್ಟಿದೆಯೆಂದು ಕೇಳಿದಳು.

"ಏನೂ ಆಗಿಲ್ಲ! ಇನ್ನೂ ತುಂಬಿದೆ ಅಂತಾನೇ ತೋರಿಸ್ತಿದೆ. ಅಳಿಸಿದ್ದು ದಂಡಕ್ಕೆ..."

"ದಂಡಕ್ಕಲ್ಲ. ತಡೀರಿ." ಅವನು ಮೊಣಕಾಲಿನಿಂದ ಕೈ ಎತ್ತಿ, ಗಾಳಿಯಲ್ಲಿ ಒಂದು ಚೌಕ ಬರೆದ. "ಮನೆ ಪಕ್ಕದ ಸೈಟ್ ಕೊಂಡ್ಕೊಂಡ್ರಿ ಅಂದ್ಕೊಳ್ಳಿ. ಆದ್ರೆ ಮಧ್ಯದ ಗೋಡೆ ಹಾಗೇ ಇದೆ. ಒಳಗಿರೋರಿಗೆ ಸೈಟ್ ಬಂದಿದ್ದು ಹೇಗೆ ಗೊತ್ತಾಗ್ಬೇಕು? ಮೊದ್ಲು ಗೋಡೆ ಸರಿಸ್ಬೇಕು. ಅದು ಪಾರ್ಟಿಷನ್. ಆಮೇಲೆ ಅಲ್ಲೀವರೆಗೆ ನೆಲ ಹಾಕ್ಬೇಕು. ಅದು ಫೈಲ್ ಸಿಸ್ಟಮ್. ಹೊರಗೆ ಕೊಟ್ಟಿದ್ದು ಒಳಗಿನವರಿಗೆ ಮುಟ್ಟೋಕೆ ಹೊತ್ತು ಹಿಡಿಯುತ್ತೆ."

ಅವಳು ಗೋಡೆ ಸರಿಸುವ ಗ್ರೋಪಾರ್ಟ್ ಎಂಬ ಕಮ್ಯಾಂಡ್ ಬರೆದು, ಡಿಸ್ಕಿನ ಹೆಸರನ್ನೂ ಪಾರ್ಟಿಷನ್ನಿನ ಅಂಕಿಯನ್ನೂ ಒಟ್ಟಿಗೆ ಸೇರಿಸಿ ಬರೆದು ಒತ್ತಿದಳು. ಯಂತ್ರ ಗೊಣಗಿತು.

"ನಡುವೆ ಸ್ವಲ್ಪ ಜಾಗ ಬಿಡಿ," ಎಂದ ಅವನು.

ಅವಳು ಹೌಹಾರಿ ಕುರ್ಚಿಯನ್ನು ಆಚೆ ಸರಿಸಿದಳು. ಅವನು ಗಲಿಬಿಲಿಗೊಂಡ.

"ಅಯ್ಯೋ, ನಿಮಗಲ್ಲ! ಹೆಸರಿಗೂ ಅಂಕಿಗೂ. ಅಲ್ಲಿ ಸ್ಪೇಸ್ ಒತ್ಬೇಕು."

ಅಡುಗೆಮನೆಯಿಂದ ಅತ್ತೆಯ ಕೆಮ್ಮು ಕೇಳಿಸಿತು. ಬಾಗಿಲ ಹೊರಗೆ ಮೇಷ್ಟ್ರು ಏನನ್ನೂ ಕೇಳದವರಂತೆ ಆಕಾಶ ನೋಡುತ್ತಿದ್ದರು. ಅವಳಿಗೆ ನಗು ಬಂತು. ಒಂದು ತಿಂಗಳ ನಗು, ಕಣ್ಣಲ್ಲಿ ನೀರು ತರಿಸಿಕೊಂಡು ಬಂತು. ಕುರ್ಚಿಯನ್ನು ಮತ್ತೆ ಮೊದಲಿದ್ದಲ್ಲಿಗೆ ಎಳೆದುಕೊಂಡಳು. ಮೊದಲಿದ್ದುದಕ್ಕಿಂತ ನಾಲ್ಕು ಬೆರಳು ಹತ್ತಿರಕ್ಕೇ ಬಂದಿತ್ತೇನೋ. ಇಬ್ಬರೂ ಅಳೆಯಲು ಹೋಗಲಿಲ್ಲ.

ಗೋಡೆ ಸರಿಯಿತು. ನೆಲ ಬಿತ್ತು. ಮತ್ತೆ ಕೇಳಿದಾಗ ಯಂತ್ರ ತನ್ನ ಹೊಸ ಜಾಗವನ್ನು ತೋರಿಸಿತು.

"ಮೇಷ್ಟ್ರೇ, ಬನ್ನಿ," ಎಂದು ಕೂಗಿದಳು. "ಮೂತ್ರಪಿಂಡ ಈಗ ನುಂಗುತ್ತೆ."

"ಮತ್ತೆ ಮೊದಲಿಂದ ಓದ್ಬೇಕಾ?"

"ಓದಿ. ನಿಮ್ಮ ದನಿ ಬೆಳಿಗ್ಗೆಗಿಂತ ಈಗ ಚೆನ್ನಾಗಿದೆ."

"ಮೆಣಸು ಕೊಟ್ಟು ಬೆಲ್ಲ ಅನ್ನೋ ಹೆಣ್ಣುಮಗಳು ನೀನು," ಎನ್ನುತ್ತ ಅವರು ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು. ಸಂಜೆಗೆ ಮುಂಚೆ ಪಾಠ ಮಕ್ಕಳಿಗೆ ಹೋಯಿತು.

ಅವನು ಹೊರಟ. ಅವಳು ಬಾಗಿಲವರೆಗೆ ಬಂದಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಹೊಡೆಯುತ್ತ ಹೋದರು.

"ಇನ್ನು ಇದಕ್ಕೆ ನಾನು ಬೇಕಾಗಿಲ್ಲ," ಎಂದ. "ಮುಂದಿನ ಸಲ ತುಂಬಿದ್ರೆ ನೀವೇ ಮಾಡ್ಕೋತೀರಿ."

"ಅದಕ್ಕೇ ಕಲಿಸಿದ್ರಾ? ಮತ್ತೆ ಬರೋದು ತಪ್ಪಲಿ ಅಂತ?"

ಅವನು ಬೆರಗಾಗಿ ನೋಡಿದ. ಇಷ್ಟು ದಿನ ಅವಳು ಹಾಗೆ ಅಂದುಕೊಂಡಿದ್ದಳೆಂದು ಅವನಿಗೆ ಹೊಳೆದೇ ಇರಲಿಲ್ಲ.

"ನಾನೇ ಒತ್ತಿ ಕೊಟ್ಟಿದ್ರೆ ನೀವು ಪ್ರತಿ ಸಲ ಕರೀತಿದ್ರಿ. ಬರ್ತಿದ್ದೆ. ಆದ್ರೆ ಕರೆದಿದ್ದು ನನ್ನನ್ನೋ, ನನ್ನ ಕೆಲಸವನ್ನೋ ಅಂತ ಸಾಯೋವರೆಗೂ ತಿಳೀತಿರ್ಲಿಲ್ಲ." ಅವನ ದನಿ ತಗ್ಗಿತು. "ಬೆಳಿಗ್ಗೆ ಫೋನ್ ಬಂದಾಗ ಒಂದು ಕ್ಷಣ... ಇರ್ಲಿ ಬಿಡಿ."

ಅವನು ಚಪ್ಪಲಿ ಮೆಟ್ಟಿದ. ಮೆಟ್ಟಿಲು ಇಳಿದ.

"ನಾಳೆ ಇಲ್ಲಿ ಏನೂ ಕೆಟ್ಟಿರೋದಿಲ್ಲ," ಎಂದಳು ಅವಳು.

ಅವನು ತಿರುಗಿ ನೋಡಿದ.

"ನಾಡಿದ್ದೂ ಕೆಟ್ಟಿರೋದಿಲ್ಲ. ಯಾವ ಕೆಲಸಾನೂ ಇರೋದಿಲ್ಲ." ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಕಣ್ಣೀರು ಕೆನ್ನೆಗಿಳಿದಿತ್ತು. "ಬನ್ನಿ."

ಅವನು ತಲೆಯಾಡಿಸಿದ. ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದ. ಹೆಬ್ಬೆರಳಿನ ಹಿಂಬದಿಯಿಂದ ಅವಳ ಕೆನ್ನೆಯ ಮೇಲಿನ ನೀರನ್ನು ಒರೆಸಿದ. ಅಷ್ಟು ದಿನದಲ್ಲಿ ಅವನು ಆ ಮನೆಯಲ್ಲಿ ಯಾರೂ ಕೇಳದೆ ಮುಟ್ಟಿದ್ದು ಅದೊಂದನ್ನೇ. ಅವಳು ಆ ಕೈಯನ್ನು ಹಾಗೇ ಹಿಡಿದುಕೊಂಡಳು.

ಹಿಂದೆ ಪುಟ್ಟ ಹೆಜ್ಜೆಯ ಸದ್ದಾಯಿತು. ಅಳಿಲು ಬಂದು ಇಬ್ಬರ ನಡುವೆ ಹೊಸ್ತಿಲ ಮೇಲೆ ನಿಂತಳು. ಹಿಡಿದ ಕೈಗಳನ್ನು ನೋಡಿದಳು. ತಾಯಿ ಗಾಬರಿಯಿಂದ ಕೈ ಬಿಡಲು ಹೋದಳು, ಬಿಡಲಿಲ್ಲ. ಮಗು ಅವನನ್ನು ಕಾಲಿನಿಂದ ತಲೆಯವರೆಗೆ, ಹೊಸ ಪಾಠ ಓದುವವಳಂತೆ ನೋಡಿತು. ಕೆನ್ನೆ ಉಬ್ಬಿತ್ತು. ಎಷ್ಟೋ ದಿನದಿಂದ ಒತ್ತಿಟ್ಟುಕೊಂಡದ್ದು ಇನ್ನು ಒಳಗೆ ಹಿಡಿಸದೆಂಬಂತೆ ತುಟಿ ನಡುಗಿತು.

ಅವನು ಮಂಡಿಯೂರಿ ಅವಳ ಎತ್ತರಕ್ಕೆ ಬಂದ. ಅವಸರ ಮಾಡಲಿಲ್ಲ. ತಾಯಿಯೂ ಮಾಡಲಿಲ್ಲ.

"ಅಮ್ಮಾ," ಎಂದಳು ಅಳಿಲು, ಅವನ ಮುಖದಿಂದ ಕಣ್ಣು ತೆಗೆಯದೆ, "ಅಪ್ಪನ್ನ ನಾನು ಯಾವಾಗ್ಲೂ ಅಪ್ಪ ಅಂತಾನೇ ಅಂತೀನಿ. ಹಾಗಾದ್ರೆ ಇವರನ್ನ ಏನಂತ ಕರೀಲಿ?"